ಹನ್ನೊಂದು ಒಂದುಗಳು

ತಪ್ಪು ಕಂಡರೆ ಸುಮ್ಮನಿರುವ ಸ್ವಭಾವ ನನ್ನದಲ್ಲ. ಸಿರುಗುಪ್ಪದ ಒಂದು ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಮದುವೆ ಪತ್ರಿಕೆ ಕೈಗೆ ಬಂದರೂ ಮೊದಲು ದಿನಾಂಕಕ್ಕೂ ವಾರಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವವಳು. ಸ್ಟಾಫ್ ರೂಮಿನಲ್ಲಿ ನನ್ನ ಬೆನ್ನ ಹಿಂದೆ ‘ಕೆಂಪು ಪೆನ್ನು’ ಅನ್ನುತ್ತಾರೆಂದು ಗೊತ್ತು. ಅನ್ನಲಿ, ಅದೇನು ಬೈಗುಳವಲ್ಲ. ಇಂಥ ನಾನು ನಮ್ಮಪ್ಪ ನನ್ನ ಕಣ್ಣೆದುರಿಗೇ ಮಾಡಿದ ಒಂದು ತಪ್ಪನ್ನು ಎಂಟು ತಿಂಗಳು ಬಾಯಿ ಬಿಡದೆ ಇಟ್ಟುಕೊಂಡೆ. ಅಪ್ಪ ಹೋಗಿ ವರ್ಷವಾಗುತ್ತಾ ಬಂತು. ಇದನ್ನು ಬರೆಯಲು ಕುಳಿತಾಗಲಾದರೂ ಅಳು ಬಂದೀತೆಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ.

ಅಪ್ಪ ಕುರುಗೋಡಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದು ನಿವೃತ್ತನಾದವ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಮದುವೆಯಾಗಲಿಲ್ಲ, ಅದಕ್ಕೆ ದೊಡ್ಡ ಕತೆಯೇನೂ ಇಲ್ಲ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಸಿರುಗುಪ್ಪಕ್ಕೆ ಹೋಗುವುದು, ಸಂಜೆ ಬಂದು ಅಪ್ಪನ ಜೊತೆ ಯಾವುದಾದರೂ ಒಂದು ವಿಷಯಕ್ಕೆ ಜಗಳವಾಡುವುದು, ಊಟ ಮಾಡಿ ಮಲಗುವುದು. ಹೀಗೆ ನಡೆದಿತ್ತು. ಅಪ್ಪನ ಎಪ್ಪತ್ತಾರನೆಯ ವರ್ಷ ಅವನ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ಬಳ್ಳಾರಿಯ ಡಾಕ್ಟರು ಡಯಾಲಿಸಿಸ್ ಅಂದರು: ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ನಾಲ್ಕು ತಾಸು, ರಕ್ತವನ್ನೆಲ್ಲ ಹೊರಗೆ ತೆಗೆದು ಯಂತ್ರದಲ್ಲಿ ತೊಳೆದು ಮತ್ತೆ ಒಳಗೆ ಬಿಡಬೇಕು. ಎಷ್ಟು ದಿನ ಎಂದು ಅಪ್ಪ ಕೇಳಿದ. ಇರುವಷ್ಟು ದಿನ ಎಂದರು.

“ಬ್ಯಾಡ” ಎಂದ ಅಪ್ಪ. “ಎಪ್ಪತ್ತಾರು ಆತು. ಸಾಕು.”

ನಾನು ಬೇಡಿಕೊಂಡೆ. ಬೇಡಿಕೊಳ್ಳುವುದು ನನಗೆ ಬರುವುದಿಲ್ಲ, ಆದ್ದರಿಂದ ಅದೂ ಜಗಳದ ಹಾಗೇ ಇತ್ತು. “ನೀ ಹೋದ್ರ ನಾ ಯಾರ ಜೋಡಿ ಜಗಳಾ ಆಡ್ಲಿ?” ಎಂದೆ. ಅಪ್ಪ ನಕ್ಕ. ಎರಡು ದಿನ ಬಿಟ್ಟು ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ತಂದು ನನ್ನ ಮುಂದೆ ಹಾಸಿದ. ಅದರ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಸಾಲಾಗಿ ಒಂದುಗಳನ್ನು ಬರೆದಿದ್ದ.

“ಎರಡು ಒಂದು ಬರದ್ರ ಹನ್ನೊಂದು. ಅದು ಅವಿಭಾಜ್ಯ, ಯಾವುದಕ್ಕೂ ಒಡಿಯಾದಿಲ್ಲ. ಮೂರು ಒಂದು ಬರದ್ರ ಮೂರಕ್ಕ ಒಡೀತೈತಿ. ನಾಲ್ಕು ಬರದ್ರ ಹನ್ನೊಂದಕ್ಕ. ಹಿಂಗ ಹತ್ತರ ತನ ಎಲ್ಲಾ ಒಡದು ನೋಡೀನಿ. ಹನ್ನೊಂದು ಒಂದು ಬರದ್ರ?”

ನೂರ ಹನ್ನೊಂದೇ ಮೂವತ್ತೇಳರಿಂದಲೂ ಭಾಗವಾಗುತ್ತದೆ ಎಂದು ನಾನು ಸೇರಿಸಿದೆ. ಅಪ್ಪ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನಿಗೆ ಹೇಳಬೇಕಾದದ್ದು ಬೇರೆ ಇತ್ತು.

“ಇದು ಒಡೀತೈತೋ ಇಲ್ಲೋ ನಾನ ಕೈಲೆ ಭಾಗಿಸಿ ನೋಡ್ತೀನಿ. ಇದು ಮುಗಿಯೋ ತನ ನೀ ಎಲ್ಲಿ ಕರದ್ರೂ ಬಂದು ಸೂಜಿ ಚುಚ್ಚಿಸ್ಕೋತೀನಿ. ಮುಗಿದ ಮ್ಯಾಲೆ ಯಾರೂ ನನ್ನ ಕರೀಬಾರದು. ನೀನೂ ಫೋನಿನಾಗ ಉತ್ತರ ನೋಡಿ ನನಗ ಹೇಳಬಾರದು. ಕೊರಳಾಗಿನ ಲಿಂಗ ಹಿಡದು ಆಣಿ ಮಾಡು.”

ಹೇಳುವುದಿಲ್ಲವೆಂದು ಆಣೆ ಮಾಡಿದೆ. ನೋಡುವುದಿಲ್ಲವೆಂದು ಮಾಡಲಿಲ್ಲ. ಅಪ್ಪ ಹಿತ್ತಲಿಗೆ ಹೋದೊಡನೆ ಫೋನು ತೆಗೆದು ನೋಡಿದೆ.

ಹನ್ನೊಂದು ಒಂದುಗಳ ಸಂಖ್ಯೆ ಒಡೆಯುತ್ತದೆ. ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತನ್ನು ಐದು ಲಕ್ಷದ ಹದಿಮೂರು ಸಾವಿರದ ಇನ್ನೂರ ಮೂವತ್ತೊಂಬತ್ತರಿಂದ ಗುಣಿಸಿದರೆ ಅದು ಬರುತ್ತದೆ. ಆ ಎರಡೂ ಅವಿಭಾಜ್ಯಗಳು. ಅವೆರಡನ್ನು ಬಿಟ್ಟು ಇನ್ಯಾವ ಅವಿಭಾಜ್ಯಕ್ಕೂ ಅದು ಬಗ್ಗುವುದಿಲ್ಲ. ಅಂದರೆ ಅಪ್ಪ ಎರಡು, ಮೂರು, ಐದು, ಏಳು ಎಂದು ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತಾ ಹೋದರೆ ಎರಡು ಸಾವಿರದ ನಾಲ್ಕುನೂರಕ್ಕೂ ಹೆಚ್ಚು ಭಾಗಾಕಾರಗಳ ನಂತರ ಒಂದು ದಿನ ಶೇಷ ಸೊನ್ನೆ ಬರುತ್ತದೆ. ಆವತ್ತು ಮುಗಿಯುತ್ತದೆ. ವಾರಕ್ಕೆ ನಲವತ್ತು ಎಂದು ಹಿಡಿದೆ. ಒಂದು ವರ್ಷ, ಮೇಲೆ ಒಂದೆರಡು ತಿಂಗಳು. ನಮ್ಮಪ್ಪನ ಆಯುಷ್ಯವನ್ನು ನಾನು ಹೀಗೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಭಾಗಿಸಿ ತೆಗೆದೆ.

ಇನ್ನೊಂದು ಸಂಗತಿಯನ್ನೂ ಅಪ್ಪನಿಗೆ ಹೇಳಲಿಲ್ಲ. ಹನ್ನೊಂದು ಒಂದುಗಳನ್ನು ಯಾವ ಅವಿಭಾಜ್ಯವಾದರೂ ಒಡೆಯಬೇಕಾದರೆ, ಆ ಅವಿಭಾಜ್ಯವನ್ನು ಇಪ್ಪತ್ತೆರಡರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕು. ಅದು ನಿಯಮ, ಸಾಧಿಸಲು ಕರಿಹಲಗೆಯ ಮೇಲೆ ಐದಾರು ಸಾಲು ಸಾಕು. ಉಳಿದವನ್ನು ಮುಟ್ಟುವ ಅಗತ್ಯವೇ ಇಲ್ಲ. ಹತ್ತರಲ್ಲಿ ಒಂಬತ್ತು ಭಾಗಾಕಾರ ಅಪ್ಪನಿಗೆ ಉಳಿಯುತ್ತಿತ್ತು. ತರಗತಿಯಲ್ಲಾದರೆ ಇಂಥ ಅಡ್ಡದಾರಿಯನ್ನು ಮುಚ್ಚಿಟ್ಟ ಮೇಷ್ಟ್ರನ್ನು ನಾನು ಕ್ಷಮಿಸುತ್ತಿರಲಿಲ್ಲ. ಅಪ್ಪ ಹನ್ನೊಂದರ ಬದಲು ಹತ್ತೊಂಬತ್ತು ಒಂದುಗಳನ್ನು ಬರೆದಿದ್ದರೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅದು ನಿಜವಾಗಿಯೂ ಅವಿಭಾಜ್ಯ. ಎರಡು ಒಂದುಗಳ ನಂತರ ಒಡೆಯದೆ ನಿಲ್ಲುವುದು ಅದೇ, ನಡುವೆ ಇನ್ಯಾವುದೂ ಇಲ್ಲ. ಅದನ್ನು ಕೈಯಿಂದ ಪರೀಕ್ಷಿಸಲು ಹೊರಟರೆ ನೂರು ಕೋಟಿಯ ಆಚೆಯವರೆಗೂ ಭಾಗಿಸಬೇಕು. ಹತ್ತು ಜನ್ಮ ಎತ್ತಿದರೂ ಮುಗಿಯುವುದಿಲ್ಲ. ನನ್ನ ದುರಾಸೆಗೆ ಅಂಥದ್ದೊಂದು ಬೇಕಿತ್ತು.

ಮಂಗಳವಾರ ಮತ್ತು ಶನಿವಾರ ಬಳ್ಳಾರಿ. ಕಾಲೇಜಿನಲ್ಲಿ ಆ ಎರಡು ದಿನದ ತರಗತಿಗಳನ್ನು ಬೇರೆಯವರಿಗೆ ಬದಲಿ ಮಾಡಿಕೊಂಡೆ. ಅಪ್ಪನ ಎಡಗೈಗೆ ಎರಡು ಸೂಜಿ, ಬಲಗೈಗೆ ಪೆನ್ನು, ಹೊಟ್ಟೆಯ ಮೇಲೆ ಪರೀಕ್ಷೆಗೆ ಒಯ್ಯುವಂಥ ಪ್ಯಾಡು, ಅದರ ಮೇಲೆ ನೋಟ್‌ಬುಕ್ಕು. ಭಾಗಿಸಬೇಕಾದ ಅವಿಭಾಜ್ಯಗಳ ಯಾದಿಯನ್ನು ನಾನು ವಾರವಾರವೂ ಬರೆದುಕೊಡಬೇಕು. ಪ್ರಿಂಟು ಬೇಡ, ಅಕ್ಷರ ಸಣ್ಣವು, ನೀನೇ ದಪ್ಪಗೆ ಬರಿ ಎಂದಿದ್ದ. ಸಿರುಗುಪ್ಪದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಬರೆಯುತ್ತಿದ್ದೆ. ನಲವತ್ತು ಸಂಖ್ಯೆ, ನಲವತ್ತು ಸಾಲು. ಗದ್ದೆಗಳು ಬರುತ್ತಿದ್ದವು, ಹೋಗುತ್ತಿದ್ದವು.

ಪಕ್ಕದ ಹಾಸಿಗೆಗೆ ಕರೂರಿನ ಒಬ್ಬ ಬರುತ್ತಿದ್ದ. ಭತ್ತದ ನಾಟಿ, ಕೊಯ್ಲಿನ ಕೆಲಸ ಮಾಡಿಕೊಂಡಿದ್ದವ, ನಲವತ್ತರ ಆಸುಪಾಸು, ಮಾತಿನ ಮಲ್ಲ. ಸೂಜಿ ಚುಚ್ಚಿದೊಡನೆ ಅವನು ಕೂಗುತ್ತಿದ್ದ: “ಮಾಸ್ತರ್ರ, ಇವತ್ತರ ಒಡೀತೈತೇನ್ರಿ?”

“ಒಡಿಯಾದಿಲ್ಲಪಾ, ಭಾಳ ಗಟ್ಟಿ ಐತಿ.”

“ನಮ್ಮ ಊರಾಗ ಒಂದು ಸುತ್ತಿಗಿ ಐತ್ರಿ, ತರ್ಲೇನು?”

ಅಷ್ಟಕ್ಕೇ ಇಡೀ ವಾರ್ಡು ನಗುತ್ತಿತ್ತು. ನಾಲ್ಕು ತಾಸು ಮಲಗಿರುವವರಿಗೆ ನಗಲು ಬಹಳ ಬೇಕಾಗುವುದಿಲ್ಲ. ಆರೇಳು ತಿಂಗಳಾದ ಮೇಲೆ ಅವನ ಹಾಸಿಗೆಯಲ್ಲಿ ರಾರಾವಿಯ ಹೆಂಗಸೊಬ್ಬಳು ಮಲಗಿದ್ದಳು. ಅಪ್ಪ ಸಿಸ್ಟರನ್ನು ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆವತ್ತು ಇಪ್ಪತ್ತರ ಬದಲು ಇಪ್ಪತ್ತೈದು ಭಾಗಾಕಾರ ಮಾಡಿದ. ನಾನು ಎಣಿಸಿದೆ. ನನಗೆ ಆಗಲೇ ಏನೂ ಮುಟ್ಟದ ಹಾಗೆ ಆಗಿಬಿಟ್ಟಿತ್ತು. ಜೋಮು ಹಿಡಿದ ಕಾಲನ್ನು ಚಿವುಟಿದರೆ ಹೇಗೋ ಹಾಗೆ.

ಅಪ್ಪನ ಭಾಗಾಕಾರದ ರೀತಿಯನ್ನು ಹೇಳಬೇಕು. ಅವನು ಭಾಜ್ಯವನ್ನು ಪೂರ್ತಿಯಾಗಿ ಬರೆಯುತ್ತಿರಲಿಲ್ಲ. “ಎಲ್ಲಾ ಒಂದ ಐತಿ, ಅದನ್ನೇನು ಬರಿಯೂದು?” ಎನ್ನುತ್ತಿದ್ದ. ಮೊದಲು ಆರು ಒಂದುಗಳನ್ನು ಗುಂಪಾಗಿ ಬರೆದು ಭಾಗಿಸುತ್ತಿದ್ದ. ಉಳಿದ ಐದನ್ನು ಒಂದೊಂದಾಗಿ ಕೆಳಗಿಳಿಸಿಕೊಳ್ಳುತ್ತಾ ಬಾಯಲ್ಲಿ ಎಣಿಸುತ್ತಿದ್ದ. ಆ ಎಣಿಕೆ ‘ಒಂದು’ ಎಂದು ಶುರುವಾಗುತ್ತಿರಲಿಲ್ಲ. ನಮ್ಮ ತಾತ ಕಣಗಳಲ್ಲಿ ಸೇರು ಹಿಡಿದು ಕಾಳು ಅಳೆಯುವ ಕೆಲಸದವನಾಗಿದ್ದ. ಅಳೆಯುವಾಗ ಮೊದಲನೆಯ ಸೇರಿಗೆ ಒಂದು ಅನ್ನಬಾರದು, ‘ಲಾಭ’ ಅನ್ನಬೇಕು. ನಮ್ಮ ಕಡೆಯೆಲ್ಲ ಹಾಗೇ. ಲಾಭ, ಎರಡು, ಮೂರು, ನಾಲ್ಕು, ಐದು. ಶಾಲೆಯಲ್ಲಿ ನಲವತ್ತು ವರ್ಷ ಒಂದು, ಎರಡು ಎಂದು ಕಲಿಸಿದ ಅಪ್ಪ, ಕೈಯಲ್ಲಿ ಕೆಲಸವಿದ್ದಾಗ ಮಾತ್ರ ತಾತನ ಎಣಿಕೆಗೆ ಇಳಿಯುತ್ತಿದ್ದ. ಸಣ್ಣವಳಿದ್ದಾಗ ಜಡೆ ಹೆಣೆಯುತ್ತಾ ನನ್ನ ಕೂದಲಿನ ಎಳೆಗಳನ್ನೂ ಲಾಭ ಎಂದೇ ಎಣಿಸುತ್ತಿದ್ದ.

ಒಂದು ವರ್ಷ ಮೂರು ತಿಂಗಳಾದ ಮೇಲೆ ಆ ವಾರ ಬಂತು. ಬಸ್ಸಿನಲ್ಲಿ ಯಾದಿ ಬರೆಯುತ್ತಿದ್ದೆ: 21611, 21613, 21617, 21647. ಮುಂದಿನದು 21649. ಹಿಂದಿನದಕ್ಕೆ ಎರಡೇ ಹೆಚ್ಚು. ಇಂಥವನ್ನು ಜೋಡಿ ಅವಿಭಾಜ್ಯಗಳು ಅನ್ನುತ್ತೇವೆ. ಅದನ್ನು ಬಿಟ್ಟು 21661 ಬರೆದೆ. ಹಾಗೇ ಯಾದಿಯನ್ನು ಮುಗಿಸಿದೆ. ಬಿಟ್ಟರೆ ಅಪ್ಪ ಗುರುತಿಸುವುದು ಸಾಧ್ಯವೇ ಇರಲಿಲ್ಲ. ಬಸ್ಸು ಕುರುಗೋಡಿಗೆ ಬರುವವರೆಗೆ ಆ ಹಾಳೆಯನ್ನು ನೋಡುತ್ತಾ ಕುಳಿತೆ. ಇಳಿಯುವ ಮೊದಲು ಎರಡು ಸಾಲುಗಳ ನಡುವೆ 21649 ಎಂದು ಒತ್ತೊತ್ತಾಗಿ ತುರುಕಿದೆ. ಇದನ್ನು ಪ್ರಾಮಾಣಿಕತೆ ಎಂದು ಹೇಳಿಕೊಳ್ಳಲಾರೆ. ಒಂದು ಸಂಖ್ಯೆ ಕಳೆದುಹೋದ ಯಾದಿಯನ್ನು ಕೊಡುವುದು ನನ್ನ ಕೈಲಿ ಆಗಲಿಲ್ಲ, ಅಷ್ಟೇ.

ಮಂಗಳವಾರ ಹನ್ನೊಂದು ಗಂಟೆಯ ಸುಮಾರಿಗೆ ಅಪ್ಪ ಅದಕ್ಕೆ ಬಂದ. ನಾನು ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದೆ. ಆರು ಒಂದುಗಳನ್ನು ಬರೆದ. ಐದು ಸಲ ಹೋಗುತ್ತದೆ, ಉಳಿದದ್ದು 2866. “ಲಾಭ” ಎಂದು ಒಂದನ್ನು ಕೆಳಗಿಳಿಸಿದ. 28661. ಅಷ್ಟರಲ್ಲಿ ಸಿಸ್ಟರ್ ಬಂದು, “ಅಜ್ಜಾರ, ಬಿ.ಪಿ. ನೋಡ್ತೀನಿ, ಕೈ ಕೊಡ್ರಿ” ಎಂದು ಬಲಗೈಯಿಂದ ಪೆನ್ನು ತೆಗೆದಿಟ್ಟು ಪಟ್ಟಿ ಸುತ್ತಿದಳು. ಬಿ.ಪಿ. ಇಳಿದಿತ್ತು. ಹಾಸಿಗೆಯ ತಲೆಯ ಭಾಗವನ್ನು ತಗ್ಗಿಸಿದಳು, ಯಂತ್ರದಲ್ಲಿ ಏನೋ ಬದಲಿಸಿದಳು. ಅಪ್ಪ ಹತ್ತು ನಿಮಿಷ ಕಣ್ಣು ಮುಚ್ಚಿಕೊಂಡಿದ್ದ. ಆಮೇಲೆ ಪೆನ್ನು ಕೇಳಿದ. 28661ರಲ್ಲಿ ಒಂದು ಸಲ, ಉಳಿದದ್ದು 7012. “ಒಂದು” ಎಂದು ಮುಂದಿನದನ್ನು ಇಳಿಸಿಕೊಂಡ.

ಅದು ಎರಡು. ಲಾಭ ಆಗಲೇ ಆಗಿಹೋಗಿತ್ತು. ಸಿಸ್ಟರ್ ಬಂದುಹೋದ ಗ್ಯಾಪಿನಲ್ಲಿ ತಾತನ ಎಣಿಕೆ ಕೈಬಿಟ್ಟು ಮಾಸ್ತರಿಕೆಯ ಎಣಿಕೆ ಹಿಡಿದಿದ್ದ. ನನ್ನ ನಾಲಿಗೆಯ ತುದಿಗೆ ಬಂತು. ತಪ್ಪು ಕಂಡರೆ ಅದು ಹಾಗೇ ಬರುತ್ತದೆ, ಕೆಮ್ಮು ಬಂದ ಹಾಗೆ. ನುಂಗಿಕೊಂಡೆ.

ಉಳಿದದ್ದು 5174. “ಎರಡು” ಎಂದ. ಉಳಿದದ್ದು 8443. “ಮೂರು” ಎಂದ. ಉಳಿದದ್ದು 19484. “ನಾಲ್ಕು.” 194841. ಒಂಬತ್ತರಿಂದ ಗುಣಿಸಿ ಕೆಳಗೆ ಬರೆದ: 194841. ಗೆರೆ ಎಳೆದು ಸೊನ್ನೆ ಬರೆದ.

ಪೆನ್ನಿನ ತುದಿಯನ್ನು ಸೊನ್ನೆಯ ಪಕ್ಕ ಊರಿದ. “ಎಲಾ ಇದರ, ಅಂಜಿಸಿಬಿಡ್ತು. ಇನ್ನಾ ಒಂದು ಉಳದೈತಿ” ಎಂದ. “ಐದು” ಎಂದು ಇನ್ನೊಂದು ಒಂದನ್ನು ಇಳಿಸಿದ. ಹನ್ನೊಂದು ಇರಬೇಕಾದ ಕಡೆ ಹನ್ನೆರಡಾದವು. ಶೇಷ ಒಂದು. ಪಕ್ಕದಲ್ಲಿ ಟಿಕ್ ಹಾಕಿ 21661ಕ್ಕೆ ಹೋದ.

ಆಣೆ ಇದ್ದದ್ದು ಉತ್ತರ ಹೇಳುವುದಿಲ್ಲವೆಂದು. ತಪ್ಪನ್ನು ತೋರಿಸುವುದಿಲ್ಲವೆಂದು ನಾನು ಯಾರಿಗೂ ಆಣೆ ಮಾಡಿರಲಿಲ್ಲ. ಅಪ್ಪನನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ, ಅದಕ್ಕೇ ಸುಮ್ಮನಿದ್ದೆ. ಆ ದಿನ ಖುಷಿಯಾಗಬೇಕಿತ್ತು. ಒಡೆಯುವುದಿಲ್ಲವೆಂದು ಖಚಿತವಾಗಲು ಆ ಸಂಖ್ಯೆಯ ವರ್ಗಮೂಲದವರೆಗೆ, ಅಂದರೆ ಒಂದು ಲಕ್ಷದ ಐದು ಸಾವಿರದ ಆಚೆಗೂ ಭಾಗಿಸಬೇಕು. ಹೊಸದಾಗಿ ಏಳು ಸಾವಿರದ ಆರುನೂರು ಅವಿಭಾಜ್ಯಗಳು ಸಿಕ್ಕಿದ್ದವು, ಮೂರೂವರೆ ವರ್ಷಕ್ಕಿಂತ ಹೆಚ್ಚು ಕಾಲ. ಖುಷಿಯೂ ಆಗಲಿಲ್ಲ, ಭಯವೂ ಆಗಲಿಲ್ಲ. ಬಸ್‌ ಸ್ಟ್ಯಾಂಡಿನ ಹೊರಗೆ ಒಂದು ಪ್ಲೇಟು ಮಂಡಕ್ಕಿ ಒಗ್ಗರಣಿ, ಎರಡು ಮಿರ್ಚಿ ತಿಂದೆ. ಉಪ್ಪು ಮುಟ್ಟಬಾರದ ಅಪ್ಪ ನಾನು ತಿನ್ನುವುದನ್ನು ನೋಡುತ್ತಾ ನಿಂತಿದ್ದ.

ಮುಂದಿನ ಎಂಟು ತಿಂಗಳ ಬಗ್ಗೆ ಹೆಚ್ಚು ಬರೆಯಲು ನನಗೆ ಇಷ್ಟವಿಲ್ಲ, ಆದರೂ ಬರೆಯಬೇಕು. ಮೂರನೆಯ ತಾಸಿಗೆ ಅಪ್ಪನ ಕಾಲು ಹಿಡಿದುಕೊಳ್ಳಲು ಶುರುವಾಯಿತು. ಮೀನಖಂಡ ಕಲ್ಲಾಗುತ್ತಿತ್ತು, ಇಬ್ಬರು ಸೇರಿ ಒತ್ತಿದರೂ ಬಿಡುತ್ತಿರಲಿಲ್ಲ. ಒಂದು ಸಲವೂ ಅತ್ತವನಲ್ಲ, ಈಗ “ಯವ್ವಾ” ಎಂದು ಕೂಗುತ್ತಿದ್ದ. ಮೈಯೆಲ್ಲ ತುರಿಕೆ. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಹೇಳಿದ್ದರಿಂದ ಬಳ್ಳಾರಿಯ ಬಿಸಿಲಲ್ಲಿ ಒದ್ದೆ ಬಟ್ಟೆಯನ್ನು ತುಟಿಗೆ ಒತ್ತಿಕೊಂಡು ಕೂರುತ್ತಿದ್ದ. ನೋವು ಬಿಟ್ಟೊಡನೆ ಪ್ಯಾಡು ಕೇಳುತ್ತಿದ್ದ. ಅಂಕಿಗಳು ಅಲ್ಲಾಡಲು ತೊಡಗಿದ್ದವು. ಎಣಿಕೆ ತಪ್ಪಿದರೆ ಈಗ ನಾನು ಕೂಡಲೇ ಹೇಳುತ್ತಿದ್ದೆ: “ಅಪ್ಪಾ, ಅದು ಮೂರನೇದು.” ಹೇಳಿದರೂ ನಷ್ಟವಿಲ್ಲದ ತಪ್ಪುಗಳು ಅವು. “ನೀ ಇದ್ದಿ ಅಂತ ಚಲೋ ಆತವ್ವಾ, ಇಲ್ಲಂದ್ರ ಎಲ್ಲೆರ ತಪ್ಪಿಸಿಬಿಡ್ತಿದ್ದೆ” ಎನ್ನುತ್ತಿದ್ದ. ನಾನು ಪ್ರತಿ ವಾರ ಯಾದಿ ಬರೆದೆ. ಒಂದು ವಾರವೂ ತಪ್ಪಿಸಲಿಲ್ಲ.

ಕೊನೆಯ ಮಂಗಳವಾರ ಸೂಜಿ ನರದಿಂದ ಹೊರಜಾರಿ ಎಡಗೈ ಮೊಣಕೈಯಿಂದ ಮೇಲೆ ನೀಲಿಗಟ್ಟಿ ಊದಿಕೊಂಡಿತು. ಮತ್ತೆ ಚುಚ್ಚಿದರು. ಆವತ್ತು ನಾಲ್ಕೇ ಭಾಗಾಕಾರವಾದವು. ಮಧ್ಯಾಹ್ನ ಬಸ್‌ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುರುಗೋಡಿನ ಬಸ್ಸಿಗೆ ಕಾಯುತ್ತಾ ಅಪ್ಪ ಕೇಳಿದ:

“ಇನ್ನಾ ಎಷ್ಟು ಅದಾವ?”

“ಆರು ಸಾವಿರದ ಮ್ಯಾಲೆ.”

“ಅಂದ್ರ ಎಷ್ಟು ದಿನ?”

“ಮೂರು ವರ್ಷ ಆಗಬೌದು.”

ತಲೆಯಾಡಿಸಿದ. “ಮಾತು ಕೊಟ್ಟೀನಿ, ಮಾಡಬೇಕು. ಶನಿವಾರದ್ದು ಬರದಿಯೇನು?”

ಬೇಡ ಎಂದು ಅವನು ಅಂದಿದ್ದರೆ ನಾನು ಮತ್ತೆ ಜಗಳವಾಡುತ್ತಿದ್ದೆ. ಅನ್ನಲಿಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದು, ನನ್ನನ್ನು ನಂಬಿ, ಊದಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಯಾದಿ ಕೇಳುತ್ತಿದ್ದ. ನನ್ನ ಬಗ್ಗೆ ನನಗೆ ಅಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ.

“ಅಪ್ಪಾ, ಅದು ಒಡೀತೈತಿ” ಎಂದೆ. “ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತು. ಅವತ್ತು ನೀ ಒಂದು ಹೆಚ್ಚಿಗಿ ಇಳಿಸಿದ್ದಿ.”

ಅಪ್ಪ ಕೈ ಚಾಚಿದ. ಚೀಲದಿಂದ ಆ ಹಳೆಯ ನೋಟ್‌ಬುಕ್ಕನ್ನು ತೆಗೆದುಕೊಟ್ಟೆ. ಅದನ್ನು ಎಂಟು ತಿಂಗಳಿಂದ ಪ್ರತಿ ಸಲವೂ ಚೀಲದಲ್ಲಿ ಹೊತ್ತು ತರುತ್ತಿದ್ದೆ, ಏಕೆಂದು ನನಗೂ ಹೇಳಲು ಬರುವುದಿಲ್ಲ. ಪುಟವನ್ನು ಹುಡುಕಿದ. ಕೆಳಗಿದ್ದ ಖಾಲಿ ಜಾಗದಲ್ಲಿ, ಮೊದಲ ಬಾರಿಗೆ, ಹನ್ನೊಂದು ಒಂದುಗಳನ್ನು ಸಾಲಾಗಿ ಪೂರ್ತಿ ಬರೆದುಕೊಂಡು ಭಾಗಿಸಿದ. ನಡುವೆ ಒಮ್ಮೆ ಬಸ್ಸು ಬಂತು, ಹೋಯಿತು. ಸೊನ್ನೆ ಬರೆದ. ಇಳಿಸಲು ಮೇಲೆ ಏನೂ ಉಳಿದಿರಲಿಲ್ಲ.

“ನೀ ಅವತ್ತು ಬಾಜೂಕ ಕುಂತಿದ್ದಿ” ಎಂದ.

“ಹೂಂ.”

“ನೋಡಿದ್ದಿ.”

“ಹೂಂ.”

ಪೆನ್ನಿನ ಮುಚ್ಚಳ ಹಾಕಿದ. ಮುಂದಿನ ಬಸ್ಸಿನಲ್ಲಿ ಕಿಟಕಿಯ ಕಡೆ ಕುಳಿತ. ಕುರುಗೋಡಿನ ಗುಡ್ಡ ಕಾಣುವವರೆಗೆ ಹೊರಗೇ ನೋಡುತ್ತಿದ್ದ. ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು.

“ಮೊದಲಿನ ಒಂದು ವರ್ಷ ನಾ ಆ ಲೆಕ್ಕದ ಸಲುವಾಗಿ ಇದ್ದೆ” ಎಂದ. ಸಿಟ್ಟಿನ ದನಿಯಲ್ಲ. “ಈ ಎಂಟು ತಿಂಗಳು ನಿನ್ನ ಸಲುವಾಗಿ ಇದ್ದಂಗಾತು. ಸಾಕೇನವ್ವಾ?”

ನನಗೆ ಸಾಕಾಗಿರಲಿಲ್ಲ. “ಸಾಕಪ್ಪಾ” ಎಂದೆ.

ಶನಿವಾರ ಬೆಳಿಗ್ಗೆ ಅಪ್ಪ ಪಡಸಾಲೆಯಲ್ಲಿ ವಿಭೂತಿ ಹಚ್ಚಿಕೊಂಡು ಗೋಡೆಗೆ ಒರಗಿ ಕುಳಿತಿದ್ದ. ಒಂಬತ್ತೂವರೆಗೆ ಆಸ್ಪತ್ರೆಯ ಸಿಸ್ಟರ್ ಫೋನು ಮಾಡಿದಳು.

“ಅಜ್ಜಾರು ಬರಲಿಲ್ಲಲ್ರಿ ಇನ್ನಾ? ಇಲ್ಲೊಬ್ಬರು ಹೊಸಬರು ಕಾಯಾಕತ್ಯಾರ. ಆ ಬೆಡ್ ಅವರಿಗೆ ಕೊಡ್ಲೇನ್ರಿ ಮೇಡಂ?”

ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ.

“ಕೊಡ್ರಿ” ಎಂದೆ.